ನಾಲ್ಕು ಕೆರೆ, ಒಂದು ವಾರಾಂತ್ಯ: ಮಿನ್ನೆಸೋಟದಲ್ಲಿ ಐಸ್ ಫಿಶಿಂಗ್‌ಗೆ ಜಾಗ ಆರಿಸಿದ ಒಂದು ಪ್ರಕರಣ

ಜನವರಿ ಕೊನೆಯ ವಾರಾಂತ್ಯ ಐಸ್ ಫಿಶಿಂಗ್‌ಗೆ, ಅಂದರೆ ಹೆಪ್ಪುಗಟ್ಟಿದ ಕೆರೆಯ ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯಲು, ಹೋಗುವುದು ಅಂತ ಗೊತ್ತಾಗಿತ್ತು, ಎಲ್ಲಿಗೆ ಅಂತ ಗೊತ್ತಾಗಿರಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ಜನ ನಾಲ್ಕು ಕೆರೆಗಳ ಹೆಸರು ಹೇಳಿದರು. ಅದರಲ್ಲಿ ಒಂದನ್ನು ಆರಿಸಿದ್ದು ಹೇಗೆ, ಆರಿಸಿದ್ದು ಎಲ್ಲಿ ಸರಿಹೋಯಿತು, ಎಲ್ಲಿ ಕೈಕೊಟ್ಟಿತು ಎಂಬುದರ ವಿವರ ಇದು. ಗುಂಪು ಮಾದರಿಯದು. ಮಿನಿಯಾಪೊಲಿಸ್ ಸುತ್ತಮುತ್ತಲ ಕನ್ನಡದವರಲ್ಲಿ ಸಾಮಾನ್ಯವಾಗಿ ಸಿಗುವಂಥವರನ್ನೇ ಸೇರಿಸಿ ಕಟ್ಟಿದ್ದು. ಕೆರೆ, ದಾರಿ, ನಿಯಮ, ಅಳತೆಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಗುಂಪು ಹೀಗಿದೆ. ಇಬ್ಬರು ಈಡನ್ ಪ್ರೇರಿಯವರು. ಅವರಲ್ಲಿ ಒಬ್ಬರಿಗೆ ಮೂರು ಚಳಿಗಾಲದ ಅನುಭವ, ಜೊತೆಗೆ ಸಾಮಾನು: ನಾಲ್ಕು ಜನ ಕೂರುವ ಹಬ್ ಟೆಂಟು, ಮಂಜುಗಡ್ಡೆ ಕೊರೆಯಲು ಬ್ಯಾಟರಿ ಡ್ರಿಲ್ಲಿಗೆ ಸಿಕ್ಕಿಸುವ 8 ಇಂಚಿನ ಆಗರ್, ನೀರಿನಡಿ ಮೀನು ತೋರಿಸುವ ಒಂದು ಫ್ಲ್ಯಾಷರ್, ‘ಬಡ್ಡಿ’ ಎಂಬ ಒಂದು ಪುಟ್ಟ ಗ್ಯಾಸ್ ಹೀಟರ್, ನಾಲ್ಕು ಗಿಡ್ಡ ಗಾಳದ ಕೋಲು. ಇನ್ನೊಬ್ಬರು ಒಂಬತ್ತು ವರ್ಷದ ಮಗಳನ್ನು ಕರೆತರುತ್ತಾರೆ. ಮೂರನೆಯವರು ಮೇಪಲ್ ಗ್ರೋವ್‌ನವರು, ಅಪ್ಪಟ ಸಸ್ಯಾಹಾರಿ, ಬರುವುದು ಹರಟೆಗೆ. ನಾಲ್ಕನೆಯವರು ಶಿಕಾಗೋದಿಂದ ಶುಕ್ರವಾರ ಸಂಜೆ 6ಕ್ಕೆ ಬಂದಿಳಿಯುತ್ತಾರೆ. ಊರು ಮಲ್ಪೆ, ಹಿಡಿದ ಮೀನು ಅವತ್ತೇ ಕಾವಲಿಗೆ ಬೀಳಬೇಕು ಎನ್ನುವುದೊಂದೇ ಅವರ ಷರತ್ತು. ಗಾಡಿ ಒಂದೇ, ಏಳು ಸೀಟಿನ ಎಸ್‌ಯುವಿ. ಖಾಲಿ ಇದ್ದಾಗಲೇ ಎರಡು ಟನ್‌ನ ಆಸುಪಾಸು, ಜನ, ಸಾಮಾನು ಸೇರಿದರೆ ಎರಡೂವರೆಗೆ ಹತ್ತಿರ. ಭಾನುವಾರ ಸಂಜೆ 7ರೊಳಗೆ ಎಲ್ಲರೂ ಮನೆಯಲ್ಲಿರಬೇಕು.

ಇದನ್ನು ಮೊದಲು ಬರೆದಿಟ್ಟುಕೊಂಡದ್ದು ಒಳ್ಳೆಯದಾಯಿತು. ಈ ಪಟ್ಟಿ ಕೈಯಲ್ಲಿಲ್ಲದೆ ಕೆರೆಗಳ ಗುಣಗಾನಕ್ಕಿಳಿದರೆ ಮೀನು ಎಲ್ಲಿ ಹೆಚ್ಚು ಎಂಬ ಒಂದೇ ಪ್ರಶ್ನೆಯ ಸುತ್ತ ಮಾತು ಸುತ್ತುತ್ತದೆ. ವಿಮಾನ ಆರಕ್ಕೆ ಇಳಿಯುತ್ತದೆ ಎಂದರೆ ಊರು ಬಿಡುವುದು ಏಳಕ್ಕೆ. ಮಿಕ್ಕ ಲೆಕ್ಕವೆಲ್ಲ ಆ ಏಳು ಗಂಟೆಯಿಂದಲೇ ಶುರು.

ಹೆಸರು ಬಂದ ಕೆರೆಗಳು

ಮಲ್ಪೆಯವರು ಹೇಳಿದ್ದು ಲೇಕ್ ಆಫ್ ದ ವುಡ್ಸ್. ಕೆನಡಾ ಗಡಿಯ ಬೌಡೆಟ್ ಊರು, ತನ್ನನ್ನು ತಾನೇ ಜಗತ್ತಿನ ವಾಲ್‌ಐ ಮೀನಿನ ರಾಜಧಾನಿ ಎಂದು ಕರೆದುಕೊಂಡು 40 ಅಡಿ ಉದ್ದದ ಮೀನಿನ ಪ್ರತಿಮೆ ನಿಲ್ಲಿಸಿಕೊಂಡ ಊರು. ವಾಲ್‌ಐ, ಅದರ ಚಿಕ್ಕ ದಾಯಾದಿ ಸಾಗರ್ ಎರಡೂ ಇಲ್ಲಿ ಧಾರಾಳ. ರೆಸಾರ್ಟಿನವರು ಚೈನು ಗಾಲಿಯ, ಒಳಗೆ ಬೆಚ್ಚಗಿರುವ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಮಂಜುಗಡ್ಡೆಯ ಮೇಲೆ ಕಾಯಿಸಿಟ್ಟ ಪುಟ್ಟ ಮನೆಯ ಬಾಗಿಲಲ್ಲಿ ಇಳಿಸುತ್ತಾರೆ. ತೂತು ಕೊರೆಯುವ ಕೆಲಸವೂ ಅವರದೇ. ಹೊಸಬರಿಗೆ ಇದಕ್ಕಿಂತ ಸುಖ ಇನ್ನೊಂದಿಲ್ಲ. ದಾರಿ ಮಾತ್ರ ಐದು ಗಂಟೆ.

ಈ ಕೆರೆಯ ವಿಷಯದಲ್ಲಿ ನಮ್ಮವರು ಗಮನಿಸಬೇಕಾದ್ದು ಒಂದಿದೆ. ಬೌಡೆಟ್ ಕಡೆಯಿಂದ ಇಳಿದರೆ ಗಡಿ ದಾಟುವ ಪ್ರಶ್ನೆ ಬರುವುದಿಲ್ಲ. ಆದರೆ ಇದೇ ಕೆರೆಯ ನಾರ್ತ್‌ವೆಸ್ಟ್ ಆ್ಯಂಗಲ್ ಎಂಬ ತುಣುಕು ಅಮೆರಿಕದ್ದೇ ಆದರೂ ಅಲ್ಲಿಗೆ ರಸ್ತೆ ಇರುವುದು ಕೆನಡಾದ ಮ್ಯಾನಿಟೋಬಾ ಮೂಲಕ. ಕೋವಿಡ್‌ನಲ್ಲಿ ಗಡಿ ಮುಚ್ಚಿದಾಗ, 2021ರ ಚಳಿಗಾಲದಲ್ಲಿ, ಅಲ್ಲಿನವರು ಕೆರೆಯ ಮೇಲೆಯೇ ಮಂಜುಗಡ್ಡೆಯ ದಾರಿ ಮಾಡಿಕೊಂಡಿದ್ದರು. ಎಚ್‌-1ಬಿಯಲ್ಲಿರುವ ಭಾರತೀಯ ಪಾಸ್‌ಪೋರ್ಟಿನವರು ಅಗ್ಗದ ಕ್ಯಾಬಿನ್ ಕಂಡು ಬುಕ್ ಮಾಡುವ ಮುನ್ನ ಅದು ಆ್ಯಂಗಲ್ ಕಡೆಯದೋ ಬೌಡೆಟ್ ಕಡೆಯದೋ ನೋಡಿಕೊಳ್ಳಬೇಕು. ಕೆನಡಾ ವೀಸಾ ಇಲ್ಲದೆ ಆ ರಸ್ತೆ ಇಲ್ಲ.

ಅನುಭವಿ ಗೆಳೆಯನ ಆಯ್ಕೆ ಅಪ್ಪರ್ ರೆಡ್ ಲೇಕ್. ಆಳ ಕಡಿಮೆ, ಹದಿನೈದು ಅಡಿಯ ಸುತ್ತಮುತ್ತ, ಹಾಗಾಗಿ ದೊಡ್ಡ ಕೆರೆಗಳಲ್ಲಿ ಬೇಗ ಹೆಪ್ಪುಗಟ್ಟುವುದು ಇದು. 1990ರ ದಶಕದಲ್ಲಿ ಇಲ್ಲಿ ವಾಲ್‌ಐ ಪೂರ್ತಿ ನೆಲಕಚ್ಚಿತ್ತು. 1999ರಲ್ಲಿ ಮೀನುಗಾರಿಕೆ ಮುಚ್ಚಿ, ಮರಿ ಬಿಟ್ಟು, 2006ರಲ್ಲಿ ಮತ್ತೆ ತೆರೆದರು. ಈಗ ಚೆನ್ನಾಗಿದೆ. ಸಾರ್ವಜನಿಕರಿಗೆ ಬಿಟ್ಟಿರುವುದು ಕೆರೆಯ ಪೂರ್ವದ ಸುಮಾರು 48,000 ಎಕರೆ ಮಾತ್ರ. ಅದರಾಚೆಗಿನದು ರೆಡ್ ಲೇಕ್ ಮೂಲನಿವಾಸಿಗಳ ನೀರು, ಹೊರಗಿನವರಿಗೆ ಪ್ರವೇಶವಿಲ್ಲ. ಬಿಳಿಯ ಬಯಲಿನಲ್ಲಿ ಗಡಿ ಕಣ್ಣಿಗೆ ಕಾಣುವುದಿಲ್ಲ, ಫೋನಿನ ನಕ್ಷೆಯಲ್ಲಿ ನೋಡಿಕೊಂಡೇ ಇರಬೇಕು. ದಾರಿ ನಾಲ್ಕೂವರೆ ಗಂಟೆ, ಬೆಮಿಜಿ ದಾಟಿದ ಮೇಲೆ ಕತ್ತಲಲ್ಲಿ ಜಿಂಕೆ ಕಾಟ.

ಮಗು ಇರುವವರು ಹೇಳಿದ್ದು ಮಿಲ್ ಲ್ಯಾಕ್ಸ್. 1,32,000 ಎಕರೆ. ನಮ್ಮ ಚನ್ನಗಿರಿಯ ಶಾಂತಿಸಾಗರದಂಥವು ಇಪ್ಪತ್ತು ಇದರಲ್ಲಿ ಹಿಡಿಸುತ್ತವೆ. ಅಷ್ಟಿದ್ದೂ ಅತಿ ಆಳದ ಜಾಗ 42 ಅಡಿ. ಹೆದ್ದಾರಿ 169 ಹಿಡಿದು ಎಲ್ಕ್ ರಿವರ್, ಪ್ರಿನ್ಸ್‌ಟನ್, ಮಿಲಾಕಾ, ಒನೇಮಿಯಾ: ಸುಮಾರು 100 ಮೈಲಿ, ಎರಡು ಗಂಟೆಯ ಒಳಗೆ. ಮೈನಸ್ ಏನೆಂದರೆ ವಾಲ್‌ಐ ಮನೆಗೆ ಒಯ್ಯುವ ಮಿತಿ ಇಲ್ಲಿ ಬಿಗಿ. 1837ರ ಒಪ್ಪಂದದ ಮೀನು ಹಿಡಿಯುವ ಹಕ್ಕನ್ನು ಸುಪ್ರೀಂ ಕೋರ್ಟು 1999ರಲ್ಲಿ ಎತ್ತಿಹಿಡಿದ ಮೇಲೆ ಒಜಿಬ್ವೆ ಪಂಗಡಗಳು ಮತ್ತು ರಾಜ್ಯ ಸೇರಿಯೇ ಪ್ರತಿ ವರ್ಷ ಎಷ್ಟು ಹಿಡಿಯಬಹುದು ಎಂದು ಗೊತ್ತುಮಾಡುತ್ತವೆ. ಆ ಪ್ರಮಾಣಕ್ಕೆ ತಕ್ಕಂತೆ ಮಿತಿ ಏರಿಳಿಯುತ್ತದೆ. ಒಬ್ಬರಿಗೆ ಒಂದೇ ಮೀನು, ಅದೂ ಗೊತ್ತಾದ ಉದ್ದದ್ದು, ಎಂಬ ಚಳಿಗಾಲಗಳೂ ಇದ್ದವು.

ಸಸ್ಯಾಹಾರಿಗಳ ಸಲಹೆ ಊರಲ್ಲೇ ಇರೋಣ ಎಂದು: ವೈಟ್ ಬೇರ್, ವಕೋನಿಯಾ, ಮಿನೆಟೊಂಕಾ, ಯಾವುದಾದರೂ ಸರಿ, ರಾತ್ರಿ ಮನೆಯಲ್ಲೇ ಮಲಗಬಹುದು. ಎಲ್ಲರೂ ನಕ್ಕರು. ಮಕ್ಕಳು ಇಬ್ಬರಿದ್ದಿದ್ದರೆ ನಾವು ಕಣ್ಣು ಮುಚ್ಚಿ ಇದನ್ನೇ ಹೇಳುತ್ತಿದ್ದೆವು. ಕ್ರಾಪಿ, ಸನ್‌ಫಿಶ್‌ನಂಥ ಸಣ್ಣ ಮೀನು ಹಗಲಲ್ಲೂ ಕಚ್ಚುತ್ತವೆ, ಮಗುವಿನ ಕಾಲು ತಣ್ಣಗಾದರೆ ಕಾಲು ಗಂಟೆಯಲ್ಲಿ ಮನೆ. ಮಿನೆಟೊಂಕಾದಲ್ಲಿ ಸೇತುವೆಯ ಕೆಳಗಿನ ಕಾಲುವೆಗಳ ಹತ್ತಿರ ಮಾತ್ರ ಹೋಗಬಾರದು. ನೀರು ಹರಿಯುವುದರಿಂದ ಎಂಥ ಚಳಿಯಲ್ಲೂ ಅಲ್ಲಿ ಮಂಜುಗಡ್ಡೆ ತೆಳು.

ಗಂಟೆ ಲೆಕ್ಕ

ವಾಲ್‌ಐ ಕಣ್ಣಿನ ಹಿಂದೆ ಬೆಳಕನ್ನು ಮರಳಿ ಎಸೆಯುವ ಪದರವಿದೆ. ಟಾರ್ಚು ಬಿಟ್ಟರೆ ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತದೆ. ಮಬ್ಬು ಬೆಳಕಿನಲ್ಲಿ ಬೇಟೆಗೆ ಇದಕ್ಕಿರುವ ಅನುಕೂಲ ಅದು ತಿನ್ನುವ ಪರ್ಚ್ ಮೀನಿಗೆ ಇಲ್ಲ. ಆದ್ದರಿಂದ ಇದು ಚೆನ್ನಾಗಿ ಕಚ್ಚುವುದು ಬೆಳಗಾಗುವ ಹೊತ್ತಿನ ಒಂದೂವರೆ ಗಂಟೆ, ಸಂಜೆಗತ್ತಲ ಒಂದೂವರೆ ಗಂಟೆ. ಜನವರಿ ಕೊನೆ ಬೇರೆ. ಹೊಸ ಗಡ್ಡೆಯ ಡಿಸೆಂಬರಿನ ಚುರುಕು ಇಳಿದು ಮೀನು ಮಂಕಾಗಿರುವ ಕಾಲ. ನಡುಹಗಲೆಲ್ಲ ಕೂತರೂ ಸಂಜೆಯ ಒಂದು ಗಂಟೆಗೆ ಸಮವಾಗದೆ ಇರಬಹುದು.

ಹಾಗಾಗಿ ಕೆರೆ ಅಳೆಯಬೇಕಾದ್ದು ಇದರಲ್ಲಿ: ಈ ವಾರಾಂತ್ಯದಲ್ಲಿ ಎಷ್ಟು ಬೆಳಗು, ಎಷ್ಟು ಸಂಜೆ ದಾರ ನೀರಿನಲ್ಲಿರುತ್ತದೆ?

ಲೇಕ್ ಆಫ್ ದ ವುಡ್ಸ್‌ಗೆ ಏಳಕ್ಕೆ ಹೊರಟರೆ, ಪೆಟ್ರೋಲು, ಊಟ ಸೇರಿ ತಲುಪುವುದು ರಾತ್ರಿ ಹನ್ನೆರಡೂವರೆ. ಶನಿವಾರ ಬೆಳಗ್ಗೆ ಎಂಟರ ಸುಮಾರಿಗೆ ರೆಸಾರ್ಟಿನ ಗಾಡಿ ಕರೆದೊಯ್ಯುತ್ತದೆ. ಸೂರ್ಯ ಹುಟ್ಟುವುದೂ ಆಗಲೇ. ಹಗಲು ಮನೆಗಳನ್ನು ಬಾಡಿಗೆ ಪಡೆದವರನ್ನು ಸಾಮಾನ್ಯವಾಗಿ ಸಂಜೆ ನಾಲ್ಕರ ಸುಮಾರಿಗೆ ವಾಪಸ್ ಕರೆತರುತ್ತಾರೆ, ಸೂರ್ಯ ಮುಳುಗುವುದು ಐದು ದಾಟಿದ ಮೇಲೆ. ಅಂದರೆ ಸಂಜೆಯ ಹೊತ್ತು ಪೂರ್ತಿ ಹೋಯಿತು. ಗಡ್ಡೆಯ ಮೇಲೆಯೇ ಮಲಗುವ ಸ್ಲೀಪರ್ ಮನೆ ತೆಗೆದುಕೊಂಡರೆ ಸಂಜೆ ಸಿಗುತ್ತದೆ, ಆದರೆ ಮಧ್ಯರಾತ್ರಿ ಬಂದವರನ್ನು ಅಲ್ಲಿಗೆ ಕರೆದೊಯ್ಯುವವರು ಯಾರು? ಭಾನುವಾರ ಹನ್ನೆರಡು, ಒಂದಕ್ಕೆ ಹೊರಡಲೇಬೇಕು. ಲೆಕ್ಕಕ್ಕೆ ಉಳಿದದ್ದು ಎರಡು ಅರ್ಧ ಬೆಳಗು, ಹತ್ತು ಗಂಟೆ ಡ್ರೈವಿಂಗ್. ಹಗಲಲ್ಲೂ ಕಚ್ಚುವ ಸಾಗರ್ ಇರುವುದರಿಂದ ಕೈ ಖಾಲಿ ಬರುವುದಿಲ್ಲ, ಅದು ನಿಜ. ಮೂರು ಹಗಲು ಕೈಯಲ್ಲಿದ್ದರೆ ಈ ಕೆರೆಗೇ ನಮ್ಮ ಮತ.

ಅಪ್ಪರ್ ರೆಡ್‌ನಲ್ಲಿ ರೆಸಾರ್ಟಿನವರು ಹಿಮ ಗುಡಿಸಿಟ್ಟ ದಾರಿಯಲ್ಲಿ ಸ್ವಂತ ಗಾಡಿಯಲ್ಲೇ ಹೋಗಬಹುದು, ಸಂಜೆ ನಿಮ್ಮ ಕೈಯಲ್ಲೇ. ಆದರೆ ಹನ್ನೆರಡಕ್ಕೆ ತಲುಪಿ, ಆರಕ್ಕೆ ಮಗುವನ್ನು ಎಬ್ಬಿಸಬೇಕು. ಮಿಲ್ ಲ್ಯಾಕ್ಸ್‌ಗೆ ಒಂಬತ್ತೂಕಾಲಿಗೆ ತಲುಪಿ, ಮಲಗಿ, ಎರಡು ಬೆಳಗು, ಒಂದು ಸಂಜೆ ಪೂರ್ತಿ. ಡ್ರೈವಿಂಗ್ ಒಟ್ಟು ನಾಲ್ಕು ಗಂಟೆ. ಇದಕ್ಕಿಂತ ಹೆಚ್ಚು ತೂಗಿದ್ದು ಇನ್ನೊಂದು: ಅಲ್ಲಿ ಏನಾದರೂ ಕೆಟ್ಟರೆ ಬೇರೆ ಕಡೆ ಹೋಗಲು ಅದೇ ಕೆರೆಯಲ್ಲಿ ಕೊಲ್ಲಿಗಳಿವೆ, ಅದೂ ಆಗದಿದ್ದರೆ ಮನೆ ಎರಡು ಗಂಟೆ ದೂರ.

ಮಲ್ಪೆಯವರ ಷರತ್ತಿಗೆ ಉತ್ತರ ಪರ್ಚ್. ಹಳದಿ ಪಟ್ಟೆಯ ಗೇಣುದ್ದದ ಮೀನು, ಹಗಲಲ್ಲಿ ಕಚ್ಚುತ್ತದೆ, ರುಚಿಯಲ್ಲಿ ವಾಲ್‌ಐಗೆ ಏನೂ ಕಮ್ಮಿಯಿಲ್ಲ. ಎಷ್ಟು ಇಟ್ಟುಕೊಳ್ಳಬಹುದು ಎನ್ನುವುದನ್ನು ನಿಯಮ ಪುಸ್ತಕದಲ್ಲಿ ಇದೇ ಕೆರೆಯ ಹೆಸರಿನ ಕೆಳಗೆ ನೋಡಬೇಕು. ರಾಜ್ಯದ ಸಾಮಾನ್ಯ ಮಿತಿ ನೋಡಿಕೊಂಡು ಹೋದರೆ ದಂಡ ಕಟ್ಟಬೇಕಾದೀತು.

ಗಡ್ಡೆಯ ದಪ್ಪ: ಇಂಚೆಷ್ಟು, ಯಾವ ಇಂಚು

ಎಲ್ಲರೂ ಡಿಎನ್‌ಆರ್ ಎನ್ನುವ ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುವ ದಪ್ಪ ಹೀಗೆ: ನಡೆಯಲು 4 ಇಂಚು, ಸ್ನೋಮೊಬೈಲ್‌ಗೆ 5ರಿಂದ 7, ಸಣ್ಣ ಕಾರಿಗೆ 9ರಿಂದ 10, ಮಧ್ಯಮ ಎಸ್‌ಯುವಿಗೆ 11ರಿಂದ 12, ಭಾರಿ ಟ್ರಕ್ಕಿಗೆ 16ರಿಂದ 17. ಇದು ಹೊಸ, ತಿಳಿಯಾದ, ಗಾಜಿನಂಥ ಗಡ್ಡೆಯ ಲೆಕ್ಕ. ಮೇಲೆ ಬಿದ್ದ ಹಿಮ ನೆನೆದು ಹೆಪ್ಪುಗಟ್ಟಿದ ಬಿಳಿ ಗಡ್ಡೆಯ ಒಳಗೆಲ್ಲ ಗಾಳಿ ಗುಳ್ಳೆ, ಅದರ ಬಲ ಅರ್ಧ. ಅದು ದುಪ್ಪಟ್ಟು ದಪ್ಪ ಇರಬೇಕು.

ಈ ಪ್ರಕರಣದಲ್ಲಿ ಬುಧವಾರ ರೆಸಾರ್ಟಿನವರು ಹೇಳಿದ್ದು "16 ಇಂಚಿದೆ" ಎಂದು. ಎಷ್ಟು ತಿಳಿ, ಎಷ್ಟು ಬಿಳಿ ಎಂದು ಕೇಳಿದಾಗ ಗೊತ್ತಾದದ್ದು: ಕೆಳಗೆ 12 ತಿಳಿ, ಮೇಲೆ 4 ಬಿಳಿ. 12ಕ್ಕೆ 4ರ ಅರ್ಧ ಸೇರಿಸಿದರೆ 14. ಎರಡೂವರೆ ಟನ್‌ನ ಗಾಡಿಗೆ ಕಾಗದದ ಮೇಲೆ ಸಾಕು. ಆದರೆ ಕೆರೆಯ ಗಡ್ಡೆ ಒಂದೇ ಹಲಗೆಯಲ್ಲ. ಬಿಸಿಲೇರಿದಾಗ ಹಿಗ್ಗುತ್ತದೆ, ಚಳಿ ಬಿದ್ದಾಗ ಕುಗ್ಗುತ್ತದೆ, ರಾತ್ರಿ ಅದು ಗುಡುಗುವ ಸದ್ದು ದಡಕ್ಕೆ ಕೇಳುತ್ತದೆ. ಹಿಗ್ಗಿದಾಗ ಎರಡು ತುಂಡು ಒತ್ತಿಕೊಂಡು ಏಣು ಏಳುತ್ತದೆ, ಕುಗ್ಗಿದಾಗ ಅಲ್ಲೇ ಬಿರುಕು ಬಿಡುತ್ತದೆ. ಗಾಳಿ ಜೋರಾದರೆ ಆ ಬಿರುಕು ಅಡಿಗಟ್ಟಲೆ ಬಾಯಿ ತೆರೆಯುತ್ತದೆ. ಮಿಲ್ ಲ್ಯಾಕ್ಸ್‌ನಂಥ ಬಯಲು ಕೆರೆಯಲ್ಲಿ ರೆಸಾರ್ಟಿನವರು ಬಿರುಕಿನ ಮೇಲೆ ಸೇತುವೆ ಹಾಕಿಕೊಂಡು ದಾರಿ ನಡೆಸುತ್ತಾರೆ. ಅಪ್ಪರ್ ರೆಡ್‌ನಲ್ಲಿ 2023ರ ಡಿಸೆಂಬರ್ ಕೊನೆಯಲ್ಲಿ ನೂರಕ್ಕೂ ಹೆಚ್ಚು ಜನ ಕೂತಿದ್ದ ದೊಡ್ಡ ತುಂಡೊಂದು ದಡದಿಂದ ಕಿತ್ತುಕೊಂಡು ತೇಲಿ, ಅವರನ್ನೆಲ್ಲ ದೋಣಿಯಲ್ಲಿ ಕರೆತರಬೇಕಾಯಿತು. ಗಡ್ಡೆ ಒಡೆಯಿತು ಎಂದರೆ ಕಾಲ ಕೆಳಗೇ ಒಡೆಯಬೇಕೆಂದಿಲ್ಲ, ದಡ ಮತ್ತು ನಿಮ್ಮ ನಡುವೆ ಒಡೆದರೂ ಸಾಕು.

ಗಡ್ಡೆಯ ಮೇಲೆ ಗಾಡಿ ಒಯ್ಯುವುದೇ ಆದರೆ ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ನಿಧಾನವಾಗಿ. ಇನ್ನೊಂದು ಗಾಡಿಯಿಂದ ಕನಿಷ್ಠ 50 ಅಡಿ ದೂರ ನಿಲ್ಲಿಸಿ, ಎರಡು ಗಂಟೆಗೊಮ್ಮೆ ಜಾಗ ಬದಲಿಸಬೇಕು. ಒಂದೇ ಕಡೆ ಭಾರ ಕೂತರೆ ಗಡ್ಡೆ ಮೆಲ್ಲಗೆ ಕೆಳಗೆ ಬಾಗುತ್ತದೆ. ಗಾಡಿಯ ಪಕ್ಕ ಒಂದು ತೂತು ಕೊರೆದಿಟ್ಟುಕೊಂಡರೆ ತಿಳಿಯುತ್ತದೆ: ತೂತಿನಿಂದ ನೀರು ಮೇಲೆ ಉಕ್ಕತೊಡಗಿದರೆ ಹೊರಡಿ.

ಬುಧವಾರದ ಫೋನು

ಫೋನಿನಲ್ಲಿ "ಹೇಗಿದೆ?" ಎಂದರೆ ಸಿಗುವ ಉತ್ತರ "ಚೆನ್ನಾಗಿದೆ". ಬಾಡಿಗೆ ಕೊಡುವವರು ಇನ್ನೇನು ಹೇಳಿಯಾರು? ಈ ಗುಂಪು ಕೇಳಿದ್ದು: ನಮ್ಮನ್ನು ಕೂರಿಸುವ ಜಾಗದಲ್ಲೇ ಇವತ್ತು ಅಳೆದದ್ದೇ, ಎಷ್ಟು ಕಡೆ? ಬಿರುಕು ದಡಕ್ಕೂ ನಮಗೂ ನಡುವೆ ಇದೆಯೇ? ಹಿಮದಡಿ ಸ್ಲಶ್, ಅಂದರೆ ಹಿಮ ನೀರು ಬೆರೆತ ಕೆಸರು, ಎಷ್ಟು? ಸಂಜೆ ಎಷ್ಟು ಹೊತ್ತಿನವರೆಗೆ ಇರಬಹುದು? ಅಲ್ಲಿ ಆಳ ಎಷ್ಟು? ಗಾಳಿಗೆ ದಾರಿ ಮುಚ್ಚಿದರೆ ದುಡ್ಡು ವಾಪಸ್ಸೋ, ಬೇರೆ ದಿನವೋ?

ಆಳದ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. 30 ಅಡಿಗಿಂತ ಕೆಳಗಿನಿಂದ ಎಳೆದ ಮೀನಿನ ಹೊಟ್ಟೆಯ ಗಾಳಿಚೀಲ ಉಬ್ಬಿಬಿಡುತ್ತದೆ, ಬಿಟ್ಟರೂ ಬದುಕುವುದು ಕಷ್ಟ. ಹಿಡಿದದ್ದರಲ್ಲಿ ಬಹುಪಾಲು ವಾಪಸ್ ಬಿಡಲೇಬೇಕಾದ ಕೆರೆಯಲ್ಲಿ ಅಷ್ಟು ಆಳದಲ್ಲಿ ಕೂರುವುದಕ್ಕೆ ಅರ್ಥವಿಲ್ಲ.

ಉತ್ತರಗಳು ಸಮಾಧಾನಕರವಾಗಿದ್ದವು. ಪಶ್ಚಿಮ ದಡದ ಗ್ಯಾರಿಸನ್ ಬಳಿ ಹಗಲು ಮನೆ, ಅಲ್ಲೇ ಊರಲ್ಲಿ ಕ್ಯಾಬಿನ್ ಬುಕ್ ಆಯಿತು. ಎರಡನೇ ಯೋಜನೆ: ದಾರಿ ಮುಚ್ಚಿದರೆ ಆಗ್ನೇಯ ಮೂಲೆಯ ಐಲ್ ಕೊಲ್ಲಿ, ನಡೆದುಕೊಂಡು, ಸ್ವಂತ ಟೆಂಟಿನಲ್ಲಿ. ಕೊಲ್ಲಿಯ ಆಳ ಕಡಿಮೆ, ಬೇಗ ಗಡ್ಡೆ ಕಟ್ಟುತ್ತದೆ, ಬಯಲು ಕೆರೆಯ ಗಾಳಿ ನೇರ ತಟ್ಟುವುದಿಲ್ಲ. ಲೈಸೆನ್ಸ್ ಡಿಎನ್‌ಆರ್ ಜಾಲತಾಣದಲ್ಲೇ. 16 ತುಂಬಿದವರೆಲ್ಲರಿಗೂ ಬೇಕು, ಮಗುವಿಗೆ ಬೇಡ, ಶಿಕಾಗೋದವರಿಗೆ ಹೊರರಾಜ್ಯದವರ 72 ಗಂಟೆಯದು. ಸಸ್ಯಾಹಾರಿಗಳು "ನಾನು ಹಿಡಿಯೋದೇ ಇಲ್ಲವಲ್ಲ" ಎಂದರು. ಸುಮ್ಮನೆ ಕೂರುವವರಿಗೆ ಬೇಡ, ಆದರೆ ಯಾರೋ ಚಹಾಕ್ಕೆ ಎದ್ದಾಗ ಅವರ ಕೋಲು ಹಿಡಿದುಕೊಂಡರೂ ಅದು ಮೀನು ಹಿಡಿದದ್ದೇ. ಅವರೂ ತೆಗೆದುಕೊಂಡರು. ಚಳಿಗಾಲದಲ್ಲಿ ಒಬ್ಬರಿಗೆ ಎರಡು ದಾರ ಬಿಡಲು ಅನುಮತಿಯಿದೆ, ಬೇಸಿಗೆಯಲ್ಲಿ ಒಂದೇ.

ಗುರುವಾರ ರಾತ್ರಿ

ಹವಾಮಾನ ತಿರುಗಿತು. ಶುಕ್ರವಾರ ಮಧ್ಯಾಹ್ನ 35 ಡಿಗ್ರಿ ಫ್ಯಾರನ್‌ಹೀಟ್, ಶನಿವಾರ ಬೆಳಗ್ಗೆ ಮೈನಸ್ 8, ನಡುವೆ ವಾಯವ್ಯದಿಂದ ಜೋರು ಗಾಳಿ. ಒಂದೇ ರಾತ್ರಿಯಲ್ಲಿ 43 ಡಿಗ್ರಿ ಇಳಿದರೆ ಗಡ್ಡೆ ಕುಗ್ಗಿ ಬಿರುಕು ಬಿಡುವುದು ಖಂಡಿತ. ಗ್ಯಾರಿಸನ್‌ನಿಂದ ಫೋನು ಬಂತು: ಸೇತುವೆ ಎತ್ತುತ್ತಿದ್ದೇವೆ, ಶನಿವಾರ ಬಾಡಿಗೆದಾರರನ್ನು ಆಚೆ ಬಿಡುವುದಿಲ್ಲ. ಮನೆಯ ಬಾಡಿಗೆ ವಾಪಸ್. ಕ್ಯಾಬಿನ್‌ನದು ಇಲ್ಲ.

ಮೊದಲ ದೊಡ್ಡ ತಪ್ಪು ಇಲ್ಲಿ ಬಯಲಾಯಿತು. ಮೀನಿನ ಜಾಗ ಎರಡು ಗೊತ್ತುಮಾಡಿದ್ದರು, ಮಲಗುವ ಜಾಗ ಮಾತ್ರ ಮೊದಲ ಯೋಜನೆಗೆ ಅಂಟಿಕೊಂಡಿತ್ತು. ಗ್ಯಾರಿಸನ್‌ನಿಂದ ಐಲ್‌ಗೆ ಕೆರೆ ಸುತ್ತಿ ಮುಕ್ಕಾಲು ಗಂಟೆಗೆ ಹತ್ತಿರ. ಎರಡಕ್ಕೂ ನಡುವಿನ ಒನೇಮಿಯಾದಲ್ಲಿ ಕೋಣೆ ಹಿಡಿದಿದ್ದರೆ ಯಾವ ಯೋಜನೆ ನಡೆದರೂ ದೂರ ಅರ್ಧವಾಗುತ್ತಿತ್ತು. ಎರಡನೇ ಜಾಗ ಇಟ್ಟುಕೊಳ್ಳುವವರು ಹಾಸಿಗೆಯನ್ನು ಎರಡರ ನಡುವೆ ಹಾಕಬೇಕು.

ಶನಿವಾರ, ಐಲ್ ಕೊಲ್ಲಿ

ಗಾಡಿ ದಡದಲ್ಲೇ ನಿಂತಿತು. ದಡದಿಂದ ಸುಮಾರು 400 ಮೀಟರ್, ಸಾಮಾನೆಲ್ಲ ಸ್ಲೆಡ್ ಎಂಬ ಜಾರುಬಂಡಿಯ ಮೇಲೆ, ಮುಂದೆ ಹಾರೆಯಂಥ ಸ್ಪಡ್ ಬಾರ್ ಹಿಡಿದು ಕುಟ್ಟುತ್ತ ಒಬ್ಬರು. ಒಂದೇ ಏಟಿಗೆ ಹಾರೆ ತೂರಿದರೆ ಹಿಂದಕ್ಕೆ. ತೂರಲಿಲ್ಲ. 150 ಅಡಿಗೊಂದು ತೂತು ಕೊರೆದು ನೋಡಿದರು: ಒಟ್ಟು 15 ಇಂಚು, ಅದರಲ್ಲಿ 11 ತಿಳಿ. ನಡೆಯುವವರಿಗೆ ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಎಲ್ಲರ ಕೊರಳಲ್ಲೂ ಮೊಳೆ ಹಿಡಿಯ ಜೋಡಿ. ನೀರಿಗೆ ಬಿದ್ದರೆ ಅದನ್ನು ಗಡ್ಡೆಗೆ ಚುಚ್ಚಿ, ಕಾಲು ಬಡಿದು, ಬಂದ ದಿಕ್ಕಿಗೇ ಮೈ ಎಳೆದುಕೊಂಡು ಹೊರಬರಬೇಕು.

ಸ್ಲಶ್ ಮೂರು ಇಂಚು ಇತ್ತು. ಹಿಮದ ಭಾರಕ್ಕೆ ಗಡ್ಡೆ ತಗ್ಗಿ, ಬಿರುಕುಗಳಿಂದ ನೀರು ಮೇಲೇರಿ, ಹಿಮದ ಹೊದಿಕೆಯಡಿ ಹೆಪ್ಪುಗಟ್ಟದೆ ನಿಲ್ಲುತ್ತದೆ. ಮೇಲಿಂದ ಕಾಣುವುದಿಲ್ಲ. ಸ್ಲೆಡ್ ಅದರಲ್ಲಿ ಸಿಕ್ಕಿಕೊಂಡರೆ ತಳಕ್ಕೆ ಗಡ್ಡೆ ಕಟ್ಟಿ ಎರಡರಷ್ಟು ಭಾರ. ಗಾಡಿ ಒಯ್ದಿದ್ದರೆ ಆ ದಿನದ ಕೆಲಸವೆಲ್ಲ ಅದನ್ನು ಎತ್ತುವುದೇ ಆಗುತ್ತಿತ್ತು.

ಟೆಂಟು ಬಿಚ್ಚುವಾಗ ಅವಸರ ಮಾಡಿದರು. ಹಬ್ ಟೆಂಟಿನ ಗೋಡೆಗಳನ್ನು ಒಂದೊಂದಾಗಿ ಹೊರಕ್ಕೆ ಎಳೆದು ಪಟ್ಟೆಂದು ನಿಲ್ಲಿಸಬೇಕು. ಗಾಳಿಯ ದಿನ ಮೊದಲು ಗಾಳಿ ಬರುವ ಕಡೆಯ ಬುಡಕ್ಕೆ ಎರಡು ತಿರುಪಿನ ಮೊಳೆ ಬಿಗಿದು, ಆಮೇಲೆ ಗೋಡೆ ಎಬ್ಬಿಸುವುದು ಕ್ರಮ. ಇವರು ನಿಲ್ಲಿಸಿ ಮೊಳೆ ಹುಡುಕಿದರು. ಟೆಂಟು ಪಲ್ಟಿ ಹೊಡೆದು ಒಂದು ಫೈಬರ್ ಕಡ್ಡಿ ಸೀಳಿತು. ಟೇಪು ಸುತ್ತಿ ಸರಿಮಾಡಿದರು, ಅರ್ಧ ಗಂಟೆ ಹೋಯಿತು. ಆ ಅರ್ಧ ಗಂಟೆ ಬೆಳಗಿನ ಒಂದೂವರೆ ಗಂಟೆಯದು.

ಆಳ ಒಂಬತ್ತು ಅಡಿ. ಒಳಗೆ ನಾಲ್ಕು ತೂತು, ಹೊರಗೆ ಎರಡರಲ್ಲಿ ಪೈಕ್ ಮೀನಿಗೆ ಬಾವುಟ ಏಳುವ ಟಿಪ್-ಅಪ್. ಮಗುವಿಗೆ 3 ಪೌಂಡ್ ತಡೆಯುವ ದಾರ, ಹುರುಳಿ ಕಾಳಿನಷ್ಟು ಟಂಗ್‌ಸ್ಟನ್ ಜಿಗ್ (ತೂಕದ ಗುಂಡು ಸೇರಿದ ಗಾಳ), ಅದಕ್ಕೆ ಮೇಣದ ಹುಳು, ಮೇಲೆ ಬೆಂಡು. ತಳದಿಂದ ಒಂದು ಗೇಣು ಮೇಲೆ ಎರೆ ನಿಲ್ಲುವಂತೆ ಬೆಂಡು ಕಟ್ಟಿ ಬಿಟ್ಟರೆ ಮಿಕ್ಕದ್ದು ಮಗುವೇ ಮಾಡುತ್ತದೆ. ದೊಡ್ಡವರಿಗೆ 6 ಪೌಂಡಿನ ದಾರ, 1/8 ಔನ್ಸಿನ ಜಿಗ್, ತುದಿಗೆ ಮಿನ್ನೋ ಮೀನಿನ ತಲೆ. ಜೀವಂತ ಮಿನ್ನೋಗಳ ಬಕೆಟ್ಟನ್ನು ಟೆಂಟಿನ ಹೊರಗೆ ಇಟ್ಟಿದ್ದರಿಂದ ಹತ್ತು ಗಂಟೆಗೆಲ್ಲ ಮೇಲ್ಪದರ ಹೆಪ್ಪುಗಟ್ಟಿತ್ತು. ಹೀಟರ್ ಪಕ್ಕವಲ್ಲದಿದ್ದರೂ ಒಳಗೆ ಇಡಬೇಕಿತ್ತು.

ಪರ್ಚ್ ಹನ್ನೊಂದರಿಂದ ಎರಡರವರೆಗೆ ಆಗಾಗ ಕಚ್ಚಿತು. ಫ್ಲಾಸ್ಕಿನ ಬಿಸಿಬೇಳೆಬಾತ್ ಬಿಸಿಯಾಗಿಯೇ ಇತ್ತು. ಸ್ಟೀಲ್ ಡಬ್ಬಿಯ ಚಿತ್ರಾನ್ನ ಹರಳುಗಟ್ಟಿತ್ತು. ತಿಂದ ಕಾಗದ, ಪ್ಲಾಸ್ಟಿಕ್ ಎಲ್ಲ ಚೀಲದಲ್ಲಿ. 2023ರಿಂದ ಗಡ್ಡೆಯ ಮೇಲೆ ಕಸ ಬಿಡುವುದು ದಂಡಕ್ಕೆ ದಾರಿ. ಮುಚ್ಚಳದ ಬಕೆಟ್ಟು, ಅದರೊಳಗೆ ಚೀಲ: ಶೌಚದ ವ್ಯವಸ್ಥೆಯೂ ಅದೇ, ಅದನ್ನೂ ವಾಪಸ್ ಒಯ್ಯಬೇಕು. ಗುಂಪು ಕರೆದೊಯ್ಯುವವರು ಈ ವಿಷಯವನ್ನು ಮನೆಯಲ್ಲೇ ಬಿಡಿಸಿ ಹೇಳಬೇಕು, ಅಲ್ಲಿ ಹೋದ ಮೇಲೆ ಅಲ್ಲ.

ಆಮೇಲೆ ಹೀಟರ್. ಬಡ್ಡಿ ಹೀಟರಿಗೆ ಒಂದು ಪೌಂಡಿನ ಪ್ರೊಪೇನ್ ಡಬ್ಬಿ ಜೋರಿನಲ್ಲಿ ಎರಡೂವರೆಯಿಂದ ಮೂರು ಗಂಟೆ, ಸಣ್ಣಗೆ ಐದೂವರೆ ಗಂಟೆ ಬರುತ್ತದೆ. ಏಳೂವರೆಯಿಂದ ಸಂಜೆ ಆರರವರೆಗೆ ಹತ್ತೂವರೆ ಗಂಟೆ. ಮೂರು ಡಬ್ಬಿ ತಂದಿದ್ದರು, ಸಣ್ಣಗೆ ಉರಿಸುವ ಲೆಕ್ಕದಲ್ಲಿ. ಮೈನಸ್ 8ರಲ್ಲಿ, ಮಗು ಇರುವ ಟೆಂಟಿನಲ್ಲಿ ಸಣ್ಣಗೆ ಯಾರು ಉರಿಸುತ್ತಾರೆ? ಜೊತೆಗೆ ಚಳಿಯಲ್ಲಿ ಡಬ್ಬಿಯೊಳಗಿನ ಒತ್ತಡ ಇಳಿದು ಕೊನೆಯ ಪಾಲು ಸರಿಯಾಗಿ ಉರಿಯುವುದೂ ಇಲ್ಲ. ನಾಲ್ಕಕ್ಕೆ ಮೂರನೆಯದೂ ಮುಗಿಯಿತು. ಐದು ತರಬೇಕಿತ್ತು. ಟೆಂಟಿನ ಗಾಳಿಕಿಂಡಿ ಎರಡೂ ತೆರೆದು, ಕಾರ್ಬನ್ ಮಾನಾಕ್ಸೈಡ್ ಅಲಾರಂ ತೂಗುಹಾಕಿದ್ದರು, ಅದು ಸರಿಯಾಗಿಯೇ ಇತ್ತು. ಬೆಚ್ಚಗಿರಲಿ ಎಂದು ಕಿಂಡಿ ಮುಚ್ಚುವವರು ಈ ಆಟದಲ್ಲಿ ಜೀವ ಕಳೆದುಕೊಳ್ಳುತ್ತಾರೆ.

ನಾಲ್ಕೂಕಾಲಿಗೆ ಮಗುವಿನ ಕಾಲ್ಬೆರಳು ಮರಗಟ್ಟತೊಡಗಿತು. ಟೆಂಟಿನೊಳಗೆ ಹೀಟರ್ ಶಾಖಕ್ಕೆ ಗಡ್ಡೆಯ ಮೇಲ್ಮೈ ಕರಗಿ ಬೂಟು ಒದ್ದೆಯಾಗಿತ್ತು. ಕಾಲಡಿಗೆ ಫೋಮ್ ಚಾಪೆ ಇದ್ದಿದ್ದರೆ ಆಗುತ್ತಿರಲಿಲ್ಲ. ಅಪ್ಪ ಮಗಳನ್ನು ಕರೆದುಕೊಂಡು ಕ್ಯಾಬಿನ್‌ಗೆ ಹೋಗುವುದೇನೋ ಸರಿ, ಆದರೆ ಗಾಡಿ ಒಂದೇ, ಕ್ಯಾಬಿನ್ ಮುಕ್ಕಾಲು ಗಂಟೆ ದೂರ. ಹೀಟರಿಲ್ಲದ ಟೆಂಟಿನಲ್ಲಿ, ಕತ್ತಲಲ್ಲಿ, ಗಾಡಿಯಿಲ್ಲದೆ ಮೂವರನ್ನು ಬಿಡುವಂತಿಲ್ಲ. ನಾಲ್ಕೂವರೆಗೆ ಎಲ್ಲರೂ ಎದ್ದರು. ಸೂರ್ಯ ಮುಳುಗಲು ಇನ್ನೂ ಸುಮಾರು ಮುಕ್ಕಾಲು ಗಂಟೆ ಇತ್ತು.

ಯಾವ ಸಂಜೆಗಾಗಿ ಲೇಕ್ ಆಫ್ ದ ವುಡ್ಸ್ ಬಿಟ್ಟಿದ್ದರೋ ಅದೇ ಸಂಜೆ ಹೋಯಿತು. ಕೆರೆಯ ಆಯ್ಕೆ ತಪ್ಪೆಂದು ನಮಗೆ ಅನ್ನಿಸುವುದಿಲ್ಲ. ಐದು ಗಂಟೆ ಓಡಿಸಿಕೊಂಡು ಹೋಗಿ ಅಲ್ಲಿ ಗಾಳಿಗೆ ದಾರಿ ಮುಚ್ಚಿದ್ದರೆ ಎರಡನೇ ಜಾಗ ಎನ್ನುವುದೇ ಇರುತ್ತಿರಲಿಲ್ಲ. ತಪ್ಪಿದ್ದು ಮಿಕ್ಕದ್ದನ್ನು ಆ ಆಯ್ಕೆಗೆ ಹೊಂದಿಸುವುದರಲ್ಲಿ: ಸಂಜೆಗಾಗಿ ಕೆರೆ ಆರಿಸಿದ ಮೇಲೆ ಸಂಜೆಯವರೆಗಿನ ಗ್ಯಾಸು, ಬೇಗ ಎದ್ದು ಹೋಗುವವರಿಗೆ ಎರಡನೇ ಗಾಡಿ, ಹತ್ತಿರದ ಹಾಸಿಗೆ, ಈ ಮೂರೂ ಅದರ ಭಾಗವೇ.

ರಾತ್ರಿ ಕ್ಯಾಬಿನ್‌ನಲ್ಲಿ ನಾಲ್ಕು ಪರ್ಚ್ ಕಾವಲಿಗೆ ಬಿತ್ತು. ಬ್ಯಾಡಗಿ ಮೆಣಸು, ಹುಣಸೆ, ಬೆಳ್ಳುಳ್ಳಿ ಅರೆದ ಮಸಾಲೆ ಶಿಕಾಗೋದಿಂದಲೇ ಡಬ್ಬಿಯಲ್ಲಿ ಬಂದಿತ್ತು. ಪರ್ಚ್ ಹೋಳು ತೆಳು, ಚರ್ಮ ತೆಗೆದರೆ ಬಂಗುಡೆಯಂತೆ ಗಟ್ಟಿ ನಿಲ್ಲುವುದಿಲ್ಲ, ಒಡೆಯುತ್ತದೆ. ಸಣ್ಣ ರವೆಯಲ್ಲಿ ಹೊರಳಿಸಿ ಒಂದೊಂದು ಮಗ್ಗುಲು ಎರಡೇ ನಿಮಿಷ.

ಭಾನುವಾರ ಬೆಳಗ್ಗೆ ಗಾಳಿ ನಿಂತಿತ್ತು. ಒನೇಮಿಯಾದಲ್ಲಿ ನಾಲ್ಕು ಡಬ್ಬಿ ಗ್ಯಾಸು ತೆಗೆದುಕೊಂಡು, ಶನಿವಾರದ್ದೇ ತೂತುಗಳನ್ನು ಮತ್ತೆ ಕೊರೆದು, ಏಳಕ್ಕೆ ದಾರ ಬಿಟ್ಟರು. ಮೊಳೆ ಮೊದಲು, ಗೋಡೆ ಆಮೇಲೆ. ಏಳೂಮುಕ್ಕಾಲಿಗೆ ಫ್ಲ್ಯಾಷರಿನ ತಳದ ಕೆಂಪು ಗೆರೆಯಿಂದ ಇನ್ನೊಂದು ಗೆರೆ ಬಿಡಿಸಿಕೊಂಡು ಮೇಲೆದ್ದಿತು. ಜಿಗ್ಗನ್ನು ಅಲುಗಿಸುವುದು ನಿಲ್ಲಿಸಿ, ಅಂಗೈಯಷ್ಟು ಮೇಲಕ್ಕೆತ್ತಿ ಹಿಡಿದರೆ ಹಿಂಬಾಲಿಸುತ್ತದೆ. ಹಿಂಬಾಲಿಸಿತು. ಸಿಕ್ಕ ವಾಲ್‌ಐ ಆ ವರ್ಷದ ಅಳತೆಯೊಳಗೆ ಬರಲಿಲ್ಲ. ಒದ್ದೆ ಕೈಯಲ್ಲಿ ಹಿಡಿದು, ಅಳತೆಪಟ್ಟಿಯ ಮೇಲೆ ಒಮ್ಮೆ ಮಲಗಿಸಿ, ತಲೆ ಕೆಳಗಾಗಿ ತೂತಿಗೆ ಬಿಟ್ಟರು. ಆ ಚಳಿಯಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ಹೊರಗಿದ್ದರೆ ಕಿವಿರು, ಕಣ್ಣು ಹೆಪ್ಪುಗಟ್ಟುತ್ತವೆ, ಫೋಟೋ ಬೇಕೆನ್ನುವವರು ಫೋನು ಮೊದಲೇ ಕೈಯಲ್ಲಿ ಹಿಡಿದಿರಬೇಕು. ಒಂಬತ್ತೂವರೆಯೊಳಗೆ ಇನ್ನೆರಡು. ಹನ್ನೊಂದಕ್ಕೆ ಟೆಂಟು ಮಡಚಿ, ಮಿನ್ನೋ ಬಕೆಟ್ಟಿನ ನೀರನ್ನು ಅಲ್ಲೇ ಚೆಲ್ಲಿ ಉಳಿದ ಮಿನ್ನೋಗಳನ್ನು ಬಾಟಲಿ ನೀರಿಗೆ ಹಾಕಿಕೊಂಡರು. ಒಂದು ಕೆರೆಯ ನೀರನ್ನು ಇನ್ನೊಂದು ಕಡೆಗೆ ಒಯ್ಯುವಂತಿಲ್ಲ. ಮಧ್ಯಾಹ್ನ ಎರಡಕ್ಕೆ ಈಡನ್ ಪ್ರೇರಿ.